ಒಂದೇ ಕೂಗಿಗೆ ಓಗೊಟ್ಟದ್ದು

ನಮ್ಮ ಸಂಶೋಧನಾ ಕೇಂದ್ರದ ಜಗಲಿಯಲ್ಲಿ ಒಂದು ಕರಿಹಲಗೆ ಇದೆ. ಸಿದ್ದಾಪುರದ ಕಾಡಂಚಿನಲ್ಲಿ, ಮೊಬೈಲ್ ಸಿಗ್ನಲ್ಲು ನೆಂಟರ ಹಾಗೆ ಬಂದು ಹೋಗುವ ಜಾಗದಲ್ಲಿ, ಅದರ ಮೇಲೆ ಬರೆದದ್ದೇ ಸುದ್ದಿ. ಬರೆಯುವವಳು ನಾನು. ‘ಜಡ್ಡಿಯಲ್ಲಿ ರಾಮಪತ್ರೆ ಹಣ್ಣು ಬಿರಿದಿದೆ.’ ‘ರಕ್ತ ಹೀರುವ ಉಂಬಳ ಜೋರಾಗಿವೆ, ಉಪ್ಪಿನ ಚೀಲ ಮರೆಯಬೇಡಿ.’ ‘ಯಲ್ಲಾಪುರದಿಂದ ಕಾಲೇಜಿನ ಮಕ್ಕಳು ಬರುತ್ತಾರೆ, ಬಚ್ಚಲುಮನೆ ಬೇಗ ಬಿಡಿ.’ ‘ಗ್ಯಾಸ್ ಮುಗಿದಿದೆ, ಮುಗಿಸಿದವರು ಯಾರು ಅಂತ ನನಗೆ ಗೊತ್ತು.’ ಈ ಕೊನೆಯದನ್ನು ನಿರ್ದೇಶಕರು ತಾವೇ ಬಂದು ಒರೆಸಿದರು. ಒರೆಸಿಕೊಳ್ಳಲಿ, ಗೊತ್ತಿರುವುದು ಗೊತ್ತೇ ಇರುತ್ತದೆ. ಈಚಿನ ವರ್ಷಗಳ ಒಂದು ಸುದ್ದಿಯನ್ನು ಮಾತ್ರ ನಾನು ಆ ಹಲಗೆಯ ಮೇಲೆ ಬರೆಯಲಿಲ್ಲ. ಬರೆಯಲು ಕೂತರೆ ಸೀಮೆಸುಣ್ಣ ಕೈಯಲ್ಲೇ ಪುಡಿಯಾಗುತ್ತಿತ್ತು.

ನನ್ನ ಕೆಲಸ ಕೇಳಿಸಿಕೊಳ್ಳುವುದು. ಕಾಡಿನ ಮರಗಳಿಗೆ ಅಂಗೈ ಅಗಲದ ಹಸಿರು ಪೆಟ್ಟಿಗೆಗಳನ್ನು ಕಟ್ಟಿರುತ್ತೇವೆ. ಅವು ಹಗಲೂ ರಾತ್ರಿ ಸದ್ದನ್ನು ಹಿಡಿದಿಡುತ್ತವೆ. ಒಳಗಿನ ಕಾರ್ಡನ್ನು ತಂದು ಕಂಪ್ಯೂಟರಿಗೆ ಹಾಕಿದರೆ ಕಪ್ಪೆ, ಜೀರುಂಡೆ, ಹಕ್ಕಿ, ಮಂಗ, ಎಲ್ಲವೂ ಕಿವಿಗೂ ಕೇಳುತ್ತವೆ, ಪರದೆಯ ಮೇಲೆ ಗೆರೆಗಳಾಗಿಯೂ ಕಾಣುತ್ತವೆ. ನಮ್ಮವ್ವ ಇವತ್ತಿಗೂ ಬನವಾಸಿ ಕಡೆಯ ನೆಂಟರಿಗೆ ಹೇಳುವುದು, ‘ನಮ್ಮ ಹುಡುಗಿ ಕಾಡಿನಾಗ ಕಪ್ಪಿ ಒದರೋದು ಕೇಳ್ಕೋತ ಕುಂದರ್ತಾಳ, ಅದಕ್ಕ ಪಗಾರ ಬ್ಯಾರೆ ಕೊಡ್ತಾರಂತ!’

ಪೆಟ್ಟಿಗೆ ಕಟ್ಟುವುದು, ಬ್ಯಾಟರಿ ಬದಲಿಸುವುದು, ದಾರಿ ತೋರಿಸುವುದು ಎಲ್ಲಾ ನಮ್ಮ ಅಣ್ಣನದು. ಒಡಹುಟ್ಟಿದವರಲ್ಲ; ಕೇಂದ್ರದ ಕಾಡುಗೆಲಸದವರು, ಐವತ್ತು ದಾಟಿದವರು. ಎಲ್ಲರಿಗೂ ಅಣ್ಣ. ಜಂಬದ ಮನುಷ್ಯ. ತಮ್ಮಷ್ಟು ಕಾಡು ತಿಳಿದವರು ಸಿರ್ಸಿಯಿಂದ ಜೋಗದವರೆಗೆ ಯಾರೂ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಒಮ್ಮೆ ಮರಗಪ್ಪೆಯ ಸದ್ದನ್ನು ಏಡಿಯದು ಎಂದು ಪಟ್ಟು ಹಿಡಿದಾಗ ನಾನು ಕೇಳಿಸಿ ತೋರಿಸಿದೆ. ‘ನಿನ್ನ ಮಷಿನ್ನು ಹಾಳಾಜು, ರಿಪೇರಿ ಮಾಡ್ಸು,’ ಎಂದು ಎದ್ದುಹೋದರು. ಮರುದಿನ ನನಗಾಗಿ ಬೆಲ್ಲದ ಸಿಹಿ ತೊಡದೇವು ತಂದಿದ್ದರು, ಕಪ್ಪೆಯ ಮಾತು ಮಾತ್ರ ಎತ್ತಲಿಲ್ಲ.

ಕಾಡಿಗೆ ಹೋಗುವವರಿಗೆಲ್ಲ ಅವರದೊಂದು ಕಟ್ಟಳೆ ಇತ್ತು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಿಲ್ಲ, ಕೂ ಹಾಕಬೇಕು. ಒಬ್ಬೊಬ್ಬರದೂ ಬೇರೆ ಕೂ. ಕೂ ಕೇಳಿದವರು ಅದೇ ರೀತಿ ತಮ್ಮ ಕೂ ಹಾಕಿ ಓಗೊಡಬೇಕು, ಆದರೆ ಮೊದಲ ಕೂಗಿಗಲ್ಲ.

‘ಒಂದು ಕೂಗಿಗೆ ಓ ಹೇಳಡ ತಂಗಿ. ಮೂರು ಸಲ ಕೂಗಿದ್ರೆ ಅದು ಮನುಷ್ಯರು. ಒಂದೇ ಸಲ ಕೂಗಿ ಸುಮ್ನಾದ್ರೆ ಬೇರೆ ಎಂತೋ.’

‘ಬ್ಯಾರೆ ಎಂತೋ ಅಂದ್ರ ಏನಣ್ಣ? ಅದಕ್ಕೂ ಒಂದು ಲ್ಯಾಟಿನ್ ಹೆಸರಿರಬೇಕಲ್ಲ?’

‘ಇದ್ದು. ಕರೆದು ನೋಡಡ, ಓ ಹೇಳ್ತು.’

ಅಣ್ಣನ ಕೂ ಎಂದರೆ ಎರಡು ಗಿಡ್ಡ, ಕಡೆಗೊಂದು ಉದ್ದ, ಗುಡ್ಡ ಇಳಿದು ಹೋಗುವಂಥದ್ದು. ನನ್ನದು ಬಯಲುಸೀಮೆಯ ಗಂಟಲು. ಮೇಲೆ ಹೋಗುತ್ತಾ ನಡುವೆ ಒಡೆದು, ಆಮೇಲೆ ಮತ್ತೆ ಸೇರುತ್ತಿತ್ತು. ‘ಎಮ್ಮೆಕರು ಬಾವಿಗೆ ಬಿದ್ದಾಂಗೆ ಇದ್ದಲೆ!’ ಎಂದು ಅಣ್ಣ ನಗುತ್ತಿದ್ದರು. ನಾನು ಸಿಟ್ಟಾಗಿ ಮತ್ತಷ್ಟು ಜೋರಾಗಿ ಕೂ ಹಾಕುತ್ತಿದ್ದೆ. ಹೀಗೆ ಆ ಕಾಡಿಗೆಲ್ಲ ನನ್ನ ಒಡಕು ಕೂ ಪರಿಚಯವಾಗಿ ಹೋಗಿತ್ತು.

ಕಾಡಿಗೆ ಅಂದರೆ ಹಕ್ಕಿಗೂ. ಭೀಮರಾಜ ಎಂದು ಒಂದು ಕರಿ ಹಕ್ಕಿ, ಬಾಲದ ತುದಿಗೆ ಎರಡು ಗರಿ ಇಳಿಬಿಟ್ಟುಕೊಂಡು ಹಾರುವುದು. ಅದು ಯಾರ ದನಿಯನ್ನಾದರೂ ಕದಿಯುತ್ತದೆ. ಗಿಡುಗ, ಬೆಕ್ಕು, ಕೆಂಜಳಿಲು, ಜೀಪಿನ ಬೆಲ್ಟಿನ ಕೀರಲು ಕೂಡ. ನಮ್ಮ ಕೂಗನ್ನೂ ಕಲಿತಿತ್ತು. ಮೊದಮೊದಲು ನಾನು ಅದಕ್ಕೆ ಓಗೊಟ್ಟು ಮೂರ್ಖಳಾದೆ. ಅಣ್ಣ ಗುಟ್ಟು ಹೇಳಿಕೊಟ್ಟರು: ಅದು ಏನನ್ನೇ ಕದ್ದರೂ ಕಡೆಯಲ್ಲಿ ತಡೆಯಲಾರದೆ ತನ್ನದೊಂದು ಸದ್ದು ಸೇರಿಸುತ್ತದೆ, ತಗಡಿಗೆ ಚಮಚ ಬಡಿದಂಥ ‘ಟಿಂಗ್’. ಅದು ಕೇಳಿದರೆ ಹಕ್ಕಿ. ಪರದೆಯ ಮೇಲೂ ಆ ಟಿಂಗ್ ಒಂದು ನೆಟ್ಟನೆಯ ಗೆರೆಯಾಗಿ ಕಾಣುತ್ತಿತ್ತು. ಈ ವಿಷಯದಲ್ಲಿ ಅಣ್ಣ ಹೇಳಿದ್ದು ಸರಿಯಿತ್ತು, ಒಪ್ಪಿಕೊಂಡೆ.

ಮಳೆಗಾಲ ಮುಗಿದು ಮಂಜು ಬೀಳುವ ಕಾಲ. ನನಗೆ ಹಲ್ಲುನೋವು. ನಮ್ಮ ಜೀಪಿನ ಡ್ರೈವರು, ಯಲ್ಲಾಪುರದವನು, ನಾವೆಲ್ಲ ಭಾಯಿ ಎಂದು ಕರೆಯುವವನು, ಬೆಳಿಗ್ಗೆ ನನ್ನನ್ನು ಸಿರ್ಸಿ ಬಸ್ಸಿಗೆ ಹತ್ತಿಸಿದ. ‘ಹಲ್ಲು ಕಿತ್ತರೆ ಮಾತು ಸ್ವಲ್ಪ ಕಮ್ಮಿಯಾಗ್ತದೋ ಏನೋ ಮೇಡಂ,’ ಎಂದು ಬೇರೆ ಹೇಳಿದ. ಹಾಗೆ ಹೇಳಿ ಅಣ್ಣನನ್ನು ಕೂರಿಸಿಕೊಂಡು ಜಡ್ಡಿಯ ಕಡೆ ಹೋದ.

ಜಡ್ಡಿ ಎಂದರೆ ಕಾಡಿನ ನಡುವೆ ಸದಾ ನೀರು ಜಿನುಗುವ ಕೆಸರು ನೆಲ. ಅಲ್ಲಿ ಬೆಳೆಯುವ ರಾಮಪತ್ರೆ ಮರಗಳು ಉಸಿರಾಟಕ್ಕಾಗಿ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ, ಮಡಚಿ, ಮತ್ತೆ ಒಳಗಿಳಿಸುತ್ತವೆ. ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಮೊಣಕಾಲುಗಳು. ಯಾರೋ ಅಷ್ಟೂ ಮಂದಿ ಕೆಸರಿನಲ್ಲಿ ಅಂಗಾತ ಮಲಗಿ ಮೊಣಕಾಲು ಮಾತ್ರ ಹೊರಗಿಟ್ಟ ಹಾಗೆ. ನಡುಹಗಲಲ್ಲೂ ಅಲ್ಲಿ ನಸುಗತ್ತಲೆ. ಗಾಳಿಯೂ ಹೆಚ್ಚು ಆಡುವುದಿಲ್ಲ. ಅಲ್ಲಿಗೆ ಹೋದಾಗಲೆಲ್ಲ ನನ್ನ ಬಾಯಿ ತಾನಾಗಿ ಮುಚ್ಚುತ್ತದೆ, ಅದೇನು ಸಣ್ಣ ಮಾತಲ್ಲ.

ಅಣ್ಣ ಒಬ್ಬರೇ ಒಳಗೆ ಹೋದರು. ಪೆಟ್ಟಿಗೆಯ ಕಾರ್ಡು, ಬ್ಯಾಟರಿ ಬದಲಿಸಿ ಬರುವ ಸಣ್ಣ ಕೆಲಸ. ಭಾಯಿ ಮೇಲೆ ರಸ್ತೆಯಲ್ಲಿ ಜೀಪಿನಲ್ಲಿ ಕೂತಿದ್ದ. ಬರುವ ಹೊತ್ತು ದಾಟಿದರೂ ಅಣ್ಣ ಬರಲಿಲ್ಲ. ಭಾಯಿ ಹಾರನ್ ಹೊಡೆದ. ಕಾದ. ಮತ್ತೆ ಹೊಡೆದ. ಕಡೆಗೆ ಇಳಿದು ಹೋಗಿ ನೋಡಿದರೆ ಅಣ್ಣ ಒಂದು ಬೇರಿಗೆ ಒರಗಿ ಕೂತಿದ್ದರಂತೆ, ಹಳೆಯ ಕಾರ್ಡು ಅಂಗಿಯ ಜೇಬಿನಲ್ಲಿ. ಮೈ ಇನ್ನೂ ಬೆಚ್ಚಗಿತ್ತಂತೆ, ಉಸಿರಿರಲಿಲ್ಲ. ಆ ಕೆಸರಿನಲ್ಲಿ ಭಾಯಿ ಒಬ್ಬನೇ ಅವರನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದ. ಹೃದಯ ನಿಂತದ್ದು ಎಂದರು ಡಾಕ್ಟರು. ಬೇಗ ತಂದಿದ್ದರೆ ಉಳಿಯುತ್ತಿದ್ದರೇ ಎಂದು ಯಾರೋ ಕೇಳಿದ್ದಕ್ಕೆ, ಹೇಳಲಿಕ್ಕೆ ಬರುವುದಿಲ್ಲ ಎಂದರು. ಜಡ್ಡಿಯಲ್ಲಿ ಇದೆಲ್ಲ ಆಗುವಾಗ ನಾನು ಸಿರ್ಸಿಯ ಬಸ್‌ಸ್ಟ್ಯಾಂಡಿನಲ್ಲಿ, ದವಡೆಗೆ ಹತ್ತಿ ತುರುಕಿಕೊಂಡು, ಬಸ್ಸಿಗೆ ಕಾಯುತ್ತಿದ್ದೆ.

ಅತ್ತಿಗೆ, ಅಣ್ಣನ ಹೆಂಡತಿ, ಅಳಲಿಲ್ಲ. ಬಂದವರನ್ನೆಲ್ಲ ಒಂದೇ ಮಾತು ಕೇಳಿದರು: ‘ನಮ್ಮನೆಯವ್ರು ಕೂ ಹಾಕಿದ್ವಾ? ಯಾರಾದ್ರೂ ಓ ಹೇಳಿದ್ವಾ?’

ಯಾರು ಏನು ಹೇಳಿಯಾರು? ಸಮಾಧಾನ ಮಾಡಿಕೊಳ್ಳಿ ಎಂದರು. ದೇವರಿಟ್ಟ ಹಾಗೆ ಎಂದರು. ಅತ್ತಿಗೆಗೆ ಅದು ಬೇಕಿರಲಿಲ್ಲ. ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದು ಹೇಳಿದರು, ‘ತಂಗಿ, ಕೂಗಿದ್ದಕ್ಕೆ ಓ ಸಿಕ್ದೇ ಹೋದ್ರೆ ಆ ಕೂಗು ಮನೆಗೆ ಬತ್ತಿಲ್ಲೆ. ಕಾಡಲ್ಲೇ ತಿರುಗ್ತು. ಆನು ಕ್ರಿಯೆ ಎಲ್ಲಾ ಮಾಡ್ಸಿ ಎಂತ ಮಾಡ್ಲಿ? ನಿನ್ನ ಮಷಿನ್ನು ಅಲ್ಲೇ ಇತ್ತಲೆ. ಕೇಳಿ ಹೇಳು.’

ಹೌದು, ಇತ್ತು. ಅಣ್ಣನೇ ಹೊಸ ಕಾರ್ಡು ಹಾಕಿ ಶುರುಮಾಡಿದ್ದ ಪೆಟ್ಟಿಗೆ ಇನ್ನೂ ಜಡ್ಡಿಯ ಮರದ ಮೇಲೆ ಕೇಳಿಸಿಕೊಳ್ಳುತ್ತಾ ಕೂತಿತ್ತು. ತರಲು ಯಾರೂ ತಯಾರಿಲ್ಲ. ಭಾಯಿ ಕಿವಿಗೆ ಬೀಳದವನ ಹಾಗೆ ಜೀಪು ತೊಳೆಯತೊಡಗಿದ, ತೊಳೆದ ಜೀಪನ್ನೇ. ಸದಾ ವಟವಟ ಎನ್ನುವ ಮನುಷ್ಯ ಅಣ್ಣ ಹೋದ ದಿನದಿಂದ ಬಾಯಿ ಹೊಲಿದುಕೊಂಡಿದ್ದ. ‘ಏನ್ರಿ ಭಾಯಿ, ನೀವು ರಸ್ತಾದ ಮ್ಯಾಲರ ನಿಂದರ್ತೀರೋ, ಇಲ್ಲಾ ನಾನೇ ಗಾಡಿ ಹೊಡಕೊಂಡು ಹೋಗಲೋ?’ ಎಂದು ರೇಗಿದ ಮೇಲೆ ಕೀಲಿ ತೆಗೆದುಕೊಂಡ. ನನಗೆ ಗಾಡಿ ಹೊಡೆಯಲು ಬರುವುದಿಲ್ಲ ಎಂದು ಅವನಿಗೂ ಗೊತ್ತು.

ಒಳಗೆ ನಾನೊಬ್ಬಳೇ ಹೋದೆ. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಕೆಸರಿನಲ್ಲಿ ಅಣ್ಣನ ಹೆಜ್ಜೆ ಇನ್ನೂ ಇತ್ತು, ಹೋದದ್ದು. ಬಂದದ್ದು ಭಾಯಿಯ ಹೆಜ್ಜೆ, ಹೊರೆ ಹೊತ್ತವನದು, ಆಳಕ್ಕೆ ಹೂತದ್ದು. ಎರಡರಲ್ಲೂ ನೀರು ತುಂಬಿತ್ತು. ಪೆಟ್ಟಿಗೆಯ ಕೆಂಪು ದೀಪ ಮಿಣುಕಿತು. ಬಿಚ್ಚಿ ಎದೆಗೊತ್ತಿಕೊಂಡು ಹಿಂದೆ ನೋಡದೆ ಬಂದೆ. ಯಾವ ಹಕ್ಕಿಯೂ ಕೂಗಲಿಲ್ಲ.

ಮರುದಿನ ಬೆಳಿಗ್ಗೆ, ಕಿಟಕಿಯಲ್ಲಿ ಒಳ್ಳೇ ಬಿಸಿಲಿದ್ದಾಗ, ಕೇಳಲು ಕೂತೆ. ಮೊದಲು ಅಣ್ಣನ ಕೆಮ್ಮು. ಪೆಟ್ಟಿಗೆಯ ಮುಚ್ಚಳ ಹಾಕಿದ ಸದ್ದು. ‘ಆತು,’ ಎಂದು ತಮಗೇ ಹೇಳಿಕೊಂಡದ್ದು. ಕೆಸರಿನಲ್ಲಿ ದೂರವಾಗುವ ಹೆಜ್ಜೆ. ಹೆಜ್ಜೆ ನಿಂತಿತು. ದಮ್ಮು ಎಳೆಯುವ ಸದ್ದು. ಆಮೇಲೆ ಕೂ. ಎರಡು ಗಿಡ್ಡ, ಒಂದು ಉದ್ದ. ಉದ್ದದ್ದು ಗುಡ್ಡ ಇಳಿಯುವ ಮೊದಲೇ ಸೋತಿತು.

ಒಂದೇ ಕೂಗು. ಆಮೇಲೆ ಜೀರುಂಡೆ ಕೂಡ ಇಲ್ಲ.

ಎರಡನೆಯದಕ್ಕೆ ಕಾದು ಕೂತಿದ್ದೆ. ಬಂದದ್ದು ಬೇರೆ. ಪೆಟ್ಟಿಗೆಗೆ ಎಡಗಡೆಯಿಂದ, ಜಡ್ಡಿಯ ಒಳಗಿನಿಂದ, ಮೇಲೆ ಹೋಗುತ್ತಾ ನಡುವೆ ಒಡೆದು ಮತ್ತೆ ಸೇರುವ ಕೂ. ನನ್ನದು.

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದೆ. ನಾಲಿಗೆ ತಾನಾಗಿ ಹಲ್ಲು ಕಿತ್ತ ಹಳ್ಳಕ್ಕೆ ಹೋಯಿತು. ಆ ಹೊತ್ತು ನಾನು ಸಿರ್ಸಿಯಲ್ಲಿದ್ದೆ. ಬಾಯಿ ತೆರೆದರೆ ರಕ್ತ ಬರುತ್ತಿತ್ತು.

ಹಕ್ಕಿ, ಎಂದುಕೊಂಡೆ. ಭೀಮರಾಜ, ಮತ್ತೇನು? ಹೆಡ್‌ಫೋನ್ ಮತ್ತೆ ಹಾಕಿಕೊಂಡು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ನನ್ನದೇ ಹಳೆಯ ಕೂಗೊಂದನ್ನು ತೆಗೆದು ಪಕ್ಕದಲ್ಲಿಟ್ಟೆ. ಗೆರೆ ಒಡೆಯುವ ಜಾಗ, ಸೇರುವ ಜಾಗ, ಎಲ್ಲ ಒಂದೇ. ಕಡೆಯ ಟಿಂಗ್ ಹುಡುಕಿದೆ. ಇರಲಿಲ್ಲ. ಸದ್ದು ಏರಿಸಿ ಹುಡುಕಿದೆ, ಇಳಿಸಿ ಹುಡುಕಿದೆ. ಮರದಿಂದ ನೀರು ತೊಟ್ಟಿಕ್ಕುವುದರಲ್ಲಿ ಮುಚ್ಚಿಹೋಗಿರಬಹುದು. ಒಮ್ಮೊಮ್ಮೆ ಹಕ್ಕಿ ಟಿಂಗ್ ಬಿಡಲೂಬಹುದು. ಇವತ್ತಿಗೂ ನಾನು ಹೀಗೆಯೇ ಹೇಳುತ್ತೇನೆ, ಕೇಳಿದವರಿಗೆ.

ಮುಂದಕ್ಕೆ ಬಿಟ್ಟಾಗ ಅಣ್ಣನ ಮಾತು ಕೇಳಿಸಿತು. ಸಣ್ಣ ದನಿ, ನಗು ಬೆರೆತದ್ದು.

‘ಹಾಂ... ಬಂದ್ಯನೇ ತಂಗಿ. ನಿಧಾನ ಬಾ. ಕಾಲು ಹುಗೀತು.’

ಅದರ ನಂತರ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ದೂರದಲ್ಲಿ ಜೀಪಿನ ಹಾರನ್.

ಅಯ್ಯೋ ಅಣ್ಣಾ! ನಾನು ಅಲ್ಲಿ ಕೂತು ಹೋ ಎಂದು ಅತ್ತೆ. ಅಳು ಕೇಳಿ ಭಾಯಿ ಬಾಗಿಲಿಗೆ ಬಂದ. ಹೆಡ್‌ಫೋನಿನ ತಂತಿ ಎಳೆದುಹಾಕಿ ಅವನಿಗೂ ಕೇಳುವಂತೆ ಮತ್ತೊಮ್ಮೆ ಹಚ್ಚಿದೆ. ನನ್ನ ಕೂ ಬಂದ ಜಾಗಕ್ಕೆ ಭಾಯಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

‘ನಾನು ಕೇಳಿದ್ದೆ ಮೇಡಂ ಇದನ್ನ,’ ಎಂದ. ‘ಅಲ್ಲಾನಾಣೆ, ಎರಡೂ ಕೇಳಿದ್ದೆ. ಮೊದಲು ಅಣ್ಣಂದು. ಒಂದೇ ಕೂಗಲ್ವಾ, ಅವರೇ ಹೇಳಿದ್ದಲ್ವಾ ಓ ಅನ್ಬಾರ್ದು ಅಂತ? ಇನ್ನೆರಡು ಬರ್ಲಿ ಅಂತ ಕಾದೆ. ಅಷ್ಟರೊಳಗೆ ನಿಮ್ದು ಬಂತು. ನಿಮ್ಮನ್ನ ಬಸ್ಸಿಗೆ ಹತ್ತಿಸಿದ್ದು ನಾನೇ! ಗ್ಲಾಸ್ ಏರಿಸಿ ಕೂತೆ. ಅಣ್ಣ ಮತ್ತೆ ಕೂಗ್ಲೇ ಇಲ್ಲ.’

ಮತ್ತೆ ಯಾಕೆ ಕೂಗುತ್ತಾರೆ? ಓ ಸಿಕ್ಕಿತ್ತಲ್ಲ. ಆ ಓ ಬರದೆ ಇದ್ದರೆ ಅಣ್ಣ ಮೂರು ಸಲ ಕೂಗುತ್ತಿದ್ದರು, ಹೇಗಾದರೂ ಕೂಗುತ್ತಿದ್ದರು. ಮೂರನೆಯದಕ್ಕೆ ಭಾಯಿ ಓಡುತ್ತಿದ್ದ. ಅಲ್ಲಿ ಓಗೊಟ್ಟದ್ದು ಯಾವುದೋ, ಅದು ಅಣ್ಣನ ಹತ್ತಿರ ಕೂತು ಭಾಯಿಯನ್ನು ದೂರವಿಟ್ಟಿತು. ಇದನ್ನು ನಾನು ಭಾಯಿಗೆ ಬಿಡಿಸಿ ಹೇಳಲಿಲ್ಲ. ಅವನಿಗೆ ನನಗಿಂತ ಮೊದಲೇ ಹೊಳೆದಿತ್ತು, ಅದಕ್ಕೇ ಅಷ್ಟು ದಿನ ಜೀಪು ತೊಳೆಯುತ್ತಿದ್ದದ್ದು. ‘ಕೆಲಸ ಬಿಡ್ತೀನಿ, ನಿರ್ದೇಶಕರಿಗೆ ಹೇಳಿ,’ ಎಂದ. ‘ಬಾಯಿ ಮುಚ್ಚರಿ,’ ಎಂದೆ.

ಅತ್ತಿಗೆಗೆ ಏನು ಹೇಳುವುದು? ಓ ಸಿಕ್ಕಿತ್ತು ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಅತ್ತಿಗೆ ಹೇಳಿದ್ದನ್ನು ನಂಬಿ ಸುಮ್ಮನಾಗುವವರಲ್ಲ. ಕೇಂದ್ರಕ್ಕೆ ತಾವೇ ಬಂದರು. ಬಿಸಿಲು ಏರುವ ಹೊತ್ತು. ಭಾಯಿ ಹೊರಗೆ ಜಗಲಿಯ ಕಂಬಕ್ಕೆ ಒರಗಿ ನಿಂತ, ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ.

ಕೇಳಿಸಿದೆ. ಅಣ್ಣನ ಕೆಮ್ಮಿಗೆ ಅತ್ತಿಗೆಯ ಕೈ ಸೆರಗಿಗೆ ಹೋಯಿತು. ಕೂಗಿಗೆ ಕಣ್ಣು ಮುಚ್ಚಿದರು. ನನ್ನ ಕೂ ಬಂದಾಗ ತಟಕ್ಕನೆ ಕಣ್ಣು ತೆರೆದು ನನ್ನನ್ನೇ ನೋಡಿದರು. ‘ಬಂದ್ಯನೇ ತಂಗಿ’ ಎಂಬುದನ್ನು ಕೇಳಿ, ‘ಇನ್ನೊಂದ್ಸಲ,’ ಎಂದರು. ಮತ್ತೊಮ್ಮೆ ಕೇಳಿದರು.

‘ನೀನು ಅವತ್ತು ಸಿರ್ಸಿಲಿ ಇದ್ದಿದ್ದೆ ಅಲ್ದಾ?’

‘ಹೂಂ ಅತ್ತಿಗೆ.’

‘ಹಂಗಾರೆ ಇದು ಎಂತದು?’

‘ಹಕ್ಕಿ ಇರಬೇಕು ಅತ್ತಿಗೆ. ಭೀಮರಾಜ.’

‘ಟಿಂಗ್ ಹೇಳಿದ್ದಿಲ್ಲೆ.’ ಅಣ್ಣ ಮನೆಯಲ್ಲೂ ಆ ಗುಟ್ಟು ಹೇಳಿ ಜಂಬ ಕೊಚ್ಚಿಕೊಂಡಿದ್ದರು ಎಂದಾಯಿತು. ಅತ್ತಿಗೆ ಸೆರಗು ಸರಿಮಾಡಿಕೊಂಡು ಹೇಳಿದರು, ‘ಎಂತಾದ್ರೂ ಇರ್ಲಿ. ಅವಕ್ಕೆ ಒಬ್ರೇ ಇದ್ದಾಂಗೆ ಆಜಿಲ್ಲೆ. ನಗ್ತಾ ಇದ್ದ ಅಲ್ದಾ?’

‘ಹೂಂ. ನಗ್ತಿದ್ರು.’

ಅಷ್ಟು ದಿನ ಬಾರದ ಅಳು ಅತ್ತಿಗೆಗೆ ಆಗ ಬಂತು. ಅತ್ತು, ಮುಖ ಒರೆಸಿಕೊಂಡು, ಮಾಡಿಸಿಕೊಟ್ಟ ಚಾ ಕುಡಿದರು. ಹೊರಡುವಾಗ ಜಗಲಿಯಲ್ಲಿ ಭಾಯಿಯ ಎದುರು ನಿಂತರು. ಭಾಯಿ ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಗ್ಲಾಸ್ ಏರಿಸಿದ್ದನ್ನೂ ಬಿಡಲಿಲ್ಲ. ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

‘ಕಟ್ಟಳೆ ಮಾಡಿದ್ದು ನಮ್ಮನೆಯವ್ರೇ ಅಲ್ದಾ. ನೀನು ಎಂತ ಮಾಡ್ತೆ,’ ಎಂದರು. ‘ಇನ್ನು ಮೇಲೆ ಒಂದೇ ಕೂಗಿಗೆ ಓ ಹೇಳಿ. ಯಾವುದೇ ಕೂಗ್ಲಿ. ಮನುಷ್ಯರು ಮೂರಕ್ಕೆ ಕಾದ. ಅದು ಒಂದಕ್ಕೇ ಓ ಹೇಳ್ತು.’

ಆ ಮಾತು ಹೇಳಿ ಬಸ್ಸಿಗೆ ಹೋದರು. ಭಾಯಿ ಅವರನ್ನು ಜೀಪಿನಲ್ಲಿ ಬಿಡುತ್ತೇನೆ ಎಂದು ಹಿಂದೆ ಓಡಿದ.

ಕೆಲಸ ಅವನು ಬಿಡಲಿಲ್ಲ. ಜಡ್ಡಿಯಲ್ಲಿ ಮತ್ತೆ ಪೆಟ್ಟಿಗೆ ಕಟ್ಟುವ ಸಮಯ ಬಂದಾಗ ಉಪ್ಪಿನ ಚೀಲ ತಾನೇ ಹೆಗಲಿಗೆ ಹಾಕಿಕೊಂಡು, ‘ನಡೀರಿ ಮೇಡಂ,’ ಎಂದ. ಮೊದಲ ಸಲ ಜೀಪಿಗೆ ಬೀಗ ಹಾಕಿ ನನ್ನ ಜೊತೆ ಒಳಗೆ ಬಂದ. ಉದ್ದಕ್ಕೂ ಏನೋ ಪಠಿಸುತ್ತಿದ್ದ. ನಾನೂ ಮನಸ್ಸಿನಲ್ಲಿ ಬನವಾಸಿಯ ದೇವರನ್ನು ನೆನೆಯುತ್ತಿದ್ದೆ, ಆದರೆ ಅವನಿಗೆ ಗೊತ್ತಾಗಲು ಬಿಡಲಿಲ್ಲ.

ಮಂಜು ಇನ್ನೂ ಮೇಲೆದ್ದಿರಲಿಲ್ಲ. ಕೆಸರಿನಲ್ಲಿ ಹೆಜ್ಜೆಗಳೆಲ್ಲ ಮುಚ್ಚಿಹೋಗಿದ್ದವು. ಅದೇ ಮರಕ್ಕೆ ಪೆಟ್ಟಿಗೆ ಬಿಗಿದು ಮುಚ್ಚಳ ಹಾಕಿದೆ. ‘ಆಯ್ತು,’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ತಿರುಗಿದೆ.

ಆಗ ಎಡಗಡೆಯ ಬೇರುಗಳ ಆಚೆಯಿಂದ ಕೂ ಕೇಳಿತು. ಎರಡು ಗಿಡ್ಡ, ಒಂದು ಉದ್ದ, ಗುಡ್ಡ ಇಳಿದು ಹೋಗುವಂಥದ್ದು.

ಟಿಂಗ್ ಬರುತ್ತದೋ ಎಂದು ಕಿವಿಗೊಟ್ಟೆ. ಇಷ್ಟು ವರ್ಷದ ಅಭ್ಯಾಸ. ಆದರೆ ಅಷ್ಟರಲ್ಲೇ ಪಕ್ಕದಲ್ಲಿ ಭಾಯಿ ಎರಡೂ ಕೈ ಬಾಯಿಗೆ ಕಟ್ಟಿ, ಕತ್ತಿನ ನರ ಉಬ್ಬುವ ಹಾಗೆ ಕೂ ಹಾಕಿದ. ಜಡ್ಡಿಯೆಲ್ಲ ತುಂಬಿತು. ಆ ಕೂಗಿನ ಅಡಿಯಲ್ಲಿ ಟಿಂಗ್ ಬಂದಿತೋ ಬರಲಿಲ್ಲವೋ, ನನಗೆ ಕೇಳಲಿಲ್ಲ. ಆ ಕಾರ್ಡನ್ನು ಆಮೇಲೆ ತಂದೆ, ಆ ಜಾಗವನ್ನು ಮಾತ್ರ ಹಚ್ಚಿ ನೋಡಿಲ್ಲ.

ಎರಡನೆಯ ಕೂಗು ಬರಲಿಲ್ಲ. ನಾವಿಬ್ಬರೂ ನಿಂತು ಕಾದೆವು. ಭಾಯಿಯ ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಅವನು ಒಂದು ಬೇರನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದ.

‘ನಿಧಾನ ಬನ್ನಿ ಮೇಡಂ,’ ಎಂದ. ‘ಕಾಲು ಹುಗೀತದೆ.’